ನಗುವಿಗೆ ಹೆದರಿದ ಆದಿಲಕ್ಷ್ಮಿ

ನನ್ನ ಓರಗಿತ್ತಿ ಆದಿಲಕ್ಷ್ಮಿ ನಗುವುದಿಲ್ಲ ಎಂಬ ಸುದ್ದಿ ನನ್ನ ಮದುವೆಗೆ ಮೊದಲೇ ಬಾಗಲೂರಿನ ನಮ್ಮ ಮನೆಗೆ ಬಂದಿತ್ತು. ತಂದವಳು ನಮ್ಮ ಚಿಕ್ಕಮ್ಮ. "ಮನೆ ಒಳ್ಳೇದು, ಹುಡ್ಗ ಒಳ್ಳೇವ್ನು, ಹಿಪ್ಪುನೇರಳೆ ತೋಟ ಐತೆ. ಆದ್ರೆ ದೊಡ್ಡ ಸೊಸೆ ಮಕ ಯಾವಾಗ್ಲೂ ಗಂಟು ಹಾಕ್ಕಂಡೇ ಇರ್ತದಂತೆ. ಇಂದ್ರಮ್ಮ, ನೀನು ಅಲ್ಲಿಗೋದ್ ಮ್ಯಾಲೆ ವಸಿ ಬಾಯಿಗೆ ಬೀಗ ಹಾಕ್ಕಬೇಕು ಕಣೆ," ಎಂದಳು. ನನ್ನ ಬಾಯಿಗೆ ಬೀಗ ಹಾಕುವುದು ನಮ್ಮಪ್ಪನ ಕೈಯಲ್ಲೇ ಆಗಿರಲಿಲ್ಲ. ಸಾವಿನ ಮನೆಗೆ ಹೋದರೂ ಒಬ್ಬರನ್ನಾದರೂ ನಗಿಸದೆ ವಾಪಸು ಬಂದವಳಲ್ಲ ನಾನು. ನಗದ ಹೆಂಗಸು ಒಬ್ಬಳು ಇದ್ದಾಳೆ ಎಂದರೆ ನನಗೆ ಹೆದರಿಕೆಯಾಗಲಿಲ್ಲ, ಕೈ ಕಡಿಯತೊಡಗಿತು.

1974ರಲ್ಲಿ ಹೊಸೂರಿನ ಆಚೆ ತಳಿ ಎಂಬ ಊರಿನ ಕಡೆಯ ಆ ಹಳ್ಳಿಗೆ ಸೊಸೆಯಾಗಿ ಹೋದೆ. ಮನೆಯಲ್ಲಿ ಅತ್ತೆ ಅಂಜಿನಮ್ಮ, ಭಾವ ಚೆನ್ನಕೇಶವ, ಅವರ ಹೆಂಡತಿ ಆದಿಲಕ್ಷ್ಮಿ, ನನ್ನ ಗಂಡ, ನಾನು. ಇಷ್ಟು ಜನ ಗೋಡೆ ಪಕ್ಕದಲ್ಲಿ ಮುದುರಿಕೊಂಡು ಬದುಕುತ್ತಿದ್ದೆವು, ಉಳಿದ ಜಾಗವೆಲ್ಲ ಬಿದಿರು ತಟ್ಟೆಗಳಲ್ಲಿದ್ದ ರೇಷ್ಮೆ ಹುಳುಗಳದು. ಯಜಮಾನಿಕೆ ಅತ್ತೆಯದು ಎಂದು ಊರು ತಿಳಿದಿತ್ತು. ಆದರೆ ಹುಳು ಹಸಿದರೆ ಅತ್ತೆಯೂ ಎದ್ದು ಓಡಬೇಕಿತ್ತು.

ಅಕ್ಕನನ್ನು, ಎಂದರೆ ಆದಿಲಕ್ಷ್ಮಿಯನ್ನು, ನೋಡಿದ ಮೊದಲ ವಾರದಲ್ಲೇ ನನಗೆ ಗೊತ್ತಾಯಿತು, ಇವಳು ಸಿಡುಕಿಯಲ್ಲ. ಸಿಡುಕಿಗೆ ಕಣ್ಣಲ್ಲಿ ಉರಿ ಇರುತ್ತದೆ. ಇವಳ ಕಣ್ಣಲ್ಲಿದ್ದದ್ದು ನಿದ್ದೆ. ಸೊಪ್ಪು ಹೆಚ್ಚುತ್ತಾ ಹೆಚ್ಚುತ್ತಾ ಕಣ್ಣು ಮುಚ್ಚಿಬಿಡುತ್ತಿದ್ದಳು, ಕೈ ಮಾತ್ರ ಇನ್ನೂ ನಾಲ್ಕು ಸಲ ಹೆಚ್ಚಿ ಆಮೇಲೆ ನಿಲ್ಲುತ್ತಿತ್ತು. ಉಣ್ಣುವಾಗ ತುತ್ತು ಕೈಯಲ್ಲಿದ್ದಂತೆಯೇ ತೂಗುತ್ತಿದ್ದಳು. "ಸೋಮಾರಿ" ಎಂದು ಅತ್ತೆ ಬೈಯುವ ಹಾಗೂ ಇರಲಿಲ್ಲ, ಯಾಕೆಂದರೆ ಅಕ್ಕನ ಮೈಮೇಲೆ ಅಮ್ಮನವರು ಬರುತ್ತಾಳೆ ಎಂದು ಊರೇ ಹೇಳುತ್ತಿತ್ತು. ದೇವರು ಬರುವ ಮೈಗೆ ದಣಿವು ಜಾಸ್ತಿ ಎಂದು ಅತ್ತೆ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಅಮ್ಮನವರು ಬರುವುದನ್ನು ನಾನು ಕಣ್ಣಾರೆ ಕಂಡದ್ದು ಸೊಪ್ಪು ಹೆಚ್ಚುವ ಕಡೆಯೇ. ಊರ ಹಿರಿಯ ರಾಮಯ್ಯನವರು ಹೊಸ ಚಪ್ಪಲಿ ಕಾಲು ಕಚ್ಚಿದಾಗ, ತಾವು ಕುಂಟುವುದನ್ನು ಯಾರೂ ನೋಡಬಾರದು ಎಂದು ಗಂಭೀರವಾಗಿ ಮೀಸೆ ತಿರುವುತ್ತಾ ನಡೆಯುವುದನ್ನು ನಾನು ಎದ್ದು ನಡೆದು ತೋರಿಸಿದೆ. ಅಕ್ಕನ ತುಟಿ ಒಂದು ಕಡೆ ಸೊಟ್ಟಗಾಯಿತು. ದವಡೆ ಸಡಿಲಿತು, ಕತ್ತು ಮುಂದಕ್ಕೆ ಬಿತ್ತು, ಕೈಯಲ್ಲಿದ್ದ ಕತ್ತಿ ಜಾರಿತು, ಕುಳಿತಲ್ಲೇ ಸೊಪ್ಪಿನ ರಾಶಿಯ ಮೇಲೆ ಒರಗಿದಳು. ಕಣ್ಣು ಅರ್ಧ ತೆರೆದೇ ಇತ್ತು. ನಾನು ಕಿರುಚಿಕೊಂಡೆ. ಅತ್ತೆ ಓಡಿ ಬಂದವರು ನನ್ನ ಹಾಗೆ ಗಾಬರಿಯಾಗಲಿಲ್ಲ. ಬೇವಿನ ಸೊಪ್ಪು ತಂದರು, ಅರಿಸಿನದ ನೀರು ಚಿಮುಕಿಸಿದರು, ಕೈ ಮುಗಿದು ಕೇಳಿದರು.

"ಅಮ್ಮಾ ತಾಯೇ, ಈ ಸಲ ಗೂಡು ಚೆನ್ನಾಗ್ ಕಟ್ತವಾ?"

ಅಕ್ಕನ ತಲೆ ಇನ್ನಷ್ಟು ಕೆಳಕ್ಕೆ ಜೋತುಬಿತ್ತು. "ಹೂಂ ಅಂದ್ಲು! ಅಮ್ಮ ಹೂಂ ಅಂದ್ಲು!" ಎಂದು ಅತ್ತೆ ಕೆನ್ನೆ ಬಡಿದುಕೊಂಡರು.

ಊರಿನವರೆಲ್ಲ ಮಾಡುತ್ತಿದ್ದ ತಪ್ಪು ಇದೇ. ಬಿಗಿ ತಪ್ಪಿದ ಕತ್ತು ಮುಂದಕ್ಕೇ ಬೀಳಬೇಕು, ಅಕ್ಕಪಕ್ಕಕ್ಕೆ ಅಲ್ಲಾಡಲು ಅದಕ್ಕೆ ಶಕ್ತಿ ಎಲ್ಲಿದೆ? ಹೀಗಾಗಿ ನಮ್ಮ ಮನೆಯ ಅಮ್ಮನವರು ಯಾರಿಗೂ ಇಲ್ಲ ಅಂದದ್ದೇ ಇಲ್ಲ. ಹೆಣ್ಣು ಕೇಳಲು ಹೊರಟವರಿಗೆ ಹೂಂ, ಬಾವಿ ತೋಡುವವರಿಗೆ ಹೂಂ, ಅಣ್ಣನ ಮೇಲೆ ಕೇಸು ಹಾಕಲೇ ಎಂದು ಕೇಳಿದ ತಮ್ಮನಿಗೂ ಹೂಂ. ಇಂಥ ದೇವರು ಯಾರಿಗೆ ಬೇಡ! ಕೆಲಮಂಗಲದ ಕಡೆಯಿಂದಲೂ ಜನ ಬಂದು ಜಗುಲಿಯಲ್ಲಿ ಕಾಯುತ್ತಿದ್ದರು, ಆದರೆ ಕಾದು ಕುಳಿತರೆ ಅಮ್ಮನವರು ಬರುತ್ತಿರಲಿಲ್ಲ.

ಯಾವಾಗ ಬರುತ್ತಾಳೆ ಎಂಬುದು ಮೊದಲು ಹೊಳೆದದ್ದು ನನಗೆ. ಎರಡನೆಯ ಸಲವೂ ನನ್ನ ತಮಾಷೆ ಮುಗಿದ ಕೂಡಲೇ ಬಂದಳು. ಮೂರನೆಯ ಸಲವೂ ಅಷ್ಟೇ. ಅಮ್ಮನವರು ನನ್ನ ಹಾಸ್ಯಕ್ಕೆ ಕಾದು ಕುಳಿತಿರುತ್ತಾಳೆ ಎನ್ನುವಷ್ಟು ಜಂಬ ನನಗೂ ಇರಲಿಲ್ಲ. ಒಂದು ದಿನ ತೋಟದಲ್ಲಿ ಸೊಪ್ಪು ಬಿಡಿಸುವಾಗ ನೇರವಾಗಿ ಕೇಳಿದೆ.

"ಅಕ್ಕ, ನೀನು ನಕ್ಕಾಗ್ಲೇ ಹಂಗಾಗೋದಲ್ವಾ?"

ಅಕ್ಕ ನನ್ನ ಮುಖ ನೋಡಿದಳು. ಕುಕ್ಕೆ ಕೆಳಗಿಟ್ಟು ಬದುವಿನ ಮೇಲೆ ಕುಳಿತಳು.

"ನಗು ಬಂದ್ರೆ ಮೈಯಾಗಿನ ದಾರ ಯಾರೋ ಬಿಚ್ಚಿದಂಗಾಯ್ತದೆ ಕಣೆ. ಎಲ್ಲಾ ಕೇಳಿಸ್ತದೆ, ಎಲ್ಲಾ ಗೊತ್ತಾಯ್ತದೆ. ಬಾಯಿ ಏಳಾಕಿಲ್ಲ. ಅಮ್ಮನೋರು ಬಂದಿದ್ರೆ ನಾನೆಲ್ಲಿಗ್ ಹೋಗ್ಬೇಕು ಹೇಳು? ನಾನು ಅಲ್ಲೇ ಇರ್ತೀನಲ್ಲ!"

ಹದಿನೇಳರ ವಯಸ್ಸಿನಲ್ಲಿ ತವರಿನ ಒಂದು ಮದುವೆಯಲ್ಲಿ, ಹೆಂಗಸರು ಬೀಗರನ್ನು ಹಾಡಿ ಗೇಲಿ ಮಾಡುತ್ತಿದ್ದಾಗ ಮೊದಲ ಸಲ ಬಿದ್ದಳಂತೆ. ನಗುವೇ ಕಾರಣ ಎಂದು ಗಂಡನಿಗೆ ಹೇಳಿದ್ದಳು. ಭಾವ ಅದನ್ನು ತಾಯಿಗೆ ಹೇಳಿ, ಅಮ್ಮನವರನ್ನು ನಗೆ ಅಂತೀಯಾ ಎಂದು ಬೈಸಿಕೊಂಡು ಸುಮ್ಮನಾಗಿದ್ದರು. ಅವರು ಒಳ್ಳೆಯವರು, ಆದರೆ ತಾಯಿಯ ಮುಂದೆ ಗಟ್ಟಿಯಾಗಿ ಕೆಮ್ಮಿದವರೂ ಅಲ್ಲ. ಅಲ್ಲಿಂದ ಅಕ್ಕ ನಗುವನ್ನು ತಡೆಯುವ ವಿದ್ಯೆ ಕಲಿತಳು. ಕೆನ್ನೆಯ ಒಳಗಡೆ ಕಚ್ಚಿಕೊಳ್ಳುವುದು, ತೀರಿಹೋದ ಅಪ್ಪನನ್ನು ನೆನೆಯುವುದು, ನಗುವವರ ನಡುವಿನಿಂದ ಎದ್ದು ಹೋಗಿಬಿಡುವುದು. ಊರು ಅದನ್ನು ಗಂಟುಮುಖ ಎಂದಿತು. ಅಂದಿನಿಂದ ಅವಳೆದುರು ಬಾಯಿ ಬಿಗಿ ಹಿಡಿದೆ. ಏಕಾದಶಿ ಉಪವಾಸ ಇದಕ್ಕಿಂತ ಸುಲಭ.

1977ರಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಅಲಮೇಲು ಎಂದು ಹೆಸರಿಟ್ಟರು. ಯಾರ ತಮಾಷೆಯನ್ನಾದರೂ ತಡೆದುಕೊಳ್ಳಬಹುದು, ಹೆತ್ತ ಮಗುವಿನ ಬೊಚ್ಚುಬಾಯಿಯ ನಗುವನ್ನು ಯಾವ ತಾಯಿ ತಡೆದುಕೊಳ್ಳುತ್ತಾಳೆ? ಒಂದು ಬೆಳಿಗ್ಗೆ ಅಕ್ಕ ಮಗುವನ್ನು ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕಾಗೆಯೊಂದು ಕುಪ್ಪಳಿಸಿದ್ದಕ್ಕೆ ಮಗು ಕೇಕೆ ಹಾಕಿ ನಕ್ಕಿತು, ಅಕ್ಕನಿಗೂ ನಗು ಬಂತು. ತೋಳು ಸಡಿಲಿತು, ಮಂಡಿ ಕುಸಿಯಿತು, ಮಗು ಜಾರಿತು. ಆಗಷ್ಟೇ ತಂದು ಸುರಿದ ಸೊಪ್ಪಿನ ರಾಶಿಯ ಮೇಲೆ ಬಿದ್ದದ್ದರಿಂದ ಕೂಸಿಗೆ ಏನೂ ಆಗಲಿಲ್ಲ. ಒಂದು ಮೊಳ ಈಚೆಗೆ ಬಿದ್ದಿದ್ದರೆ ಕಲ್ಲಿನ ಮೆಟ್ಟಿಲು.

ಆ ದಿನದಿಂದ ಅಕ್ಕ ಮಗುವನ್ನು ಎತ್ತಿಕೊಳ್ಳಲಿಲ್ಲ. ಚಾಪೆಯ ಮೇಲೆ ಮಲಗಿಯೇ ಹಾಲು ಕೊಡುತ್ತಿದ್ದಳು, ಮುಖ ಗೋಡೆಯ ಕಡೆ ತಿರುಗಿಸಿಕೊಂಡು. ನಡೆಯಲು ಕಲಿತ ಅಲಮೇಲು ಸೆರಗು ಹಿಡಿದು "ಎತ್ಕೋ, ಎತ್ಕೋ" ಎಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಆಗ ಮಗು ನನ್ನ ಹತ್ತಿರ ಬರುತ್ತಿತ್ತು. ಎತ್ತಿಕೊಳ್ಳುತ್ತಿದ್ದೆ, ಆದರೆ ಅಕ್ಕನ ಕಡೆ ನೋಡಲು ನನ್ನಿಂದಾಗುತ್ತಿರಲಿಲ್ಲ.

ಊರು ಇದಕ್ಕೂ ಅರ್ಥ ಕಟ್ಟಿತು. ಅಮ್ಮನವರಿಗೆ ಮಗು ಇಷ್ಟವಿಲ್ಲ, ಅವಳು ಈ ಮೈಯನ್ನು ಪೂರ್ತಿ ಕೇಳುತ್ತಿದ್ದಾಳೆ ಎಂದರು ರಾಮಯ್ಯನವರು. ಗುಡಿಯಲ್ಲಿ ಮೈಮೇಲೆ ದೇವರು ಬಂದು ನುಡಿ ಹೇಳುತ್ತಿದ್ದ ಹನುಮಕ್ಕ ತೀರಿಕೊಂಡು ಜಾಗ ಖಾಲಿ ಬಿದ್ದಿತ್ತು. ಅಕ್ಕ ಗುಡಿಯ ಪಕ್ಕದ ಕೋಣೆಯಲ್ಲಿರಬೇಕು, ಗಂಡ ಮಗುವಿನ ಹಂಗು ಬಿಡಬೇಕು ಎಂದು ಮಾತಾಯಿತು. ರಾಮಯ್ಯನವರು ಕೆಟ್ಟ ಮನುಷ್ಯರೇನಲ್ಲ, ಅಮ್ಮನವರ ಹೂಂ ಕೇಳಿ ತೋಡಿಸಿದ ಬಾವಿಯಲ್ಲಿ ನೀರು ಬಂದಿತ್ತು, ಅದರ ಭಕ್ತಿ. ಮಾತಾಡಲು ಜಗುಲಿಗೆ ಬಂದ ದಿನ ಅಲಮೇಲು ಅವರ ಹೆಗಲಿನ ವಲ್ಲಿಯನ್ನು ಎಳೆದು ತನ್ನ ತಲೆಗೆ ಸುತ್ತಿಕೊಂಡಿತು. ಅಕ್ಕ ಬಾಗಿಲ ಹತ್ತಿರವೇ ಕುಸಿದಳು.

"ಬಂದ್ಲು! ಪರೀಕ್ಷೆ ಮಾಡೇಬುಡಾನ," ಎಂದು ರಾಮಯ್ಯನವರು ಕರ್ಪೂರ ತರಿಸಿದರು. ಅತ್ತೆ ಅಕ್ಕನ ಮಣಿಕಟ್ಟು ಹಿಡಿದರು. ಅಂಗೈಯಲ್ಲಿ ಕರ್ಪೂರ ಉರಿಯಿತು. ಕೈ ಅಲ್ಲಾಡಲಿಲ್ಲ. ಕಣ್ಣಿಂದ ನೀರು ಮಾತ್ರ ಇಳಿಯಿತು. "ನೋಡ್ರಪ್ಪ, ಆನಂದದ ಕಣ್ಣೀರು," ಎಂದರು ಯಾರೋ. ನಾನು ನೆತ್ತಿಗೇರಿದ ಸಿಟ್ಟಿನಲ್ಲಿ ನುಗ್ಗಿ ಹೋಗಿ ಆ ಕರ್ಪೂರವನ್ನು ಕೈಯಿಂದಲೇ ತಳ್ಳಿದೆ. ಸೊಸೆ ಹಿರಿಯರ ಎದುರು ಹಾಗೆ ಮಾಡಿದ್ದು ದೊಡ್ಡ ರಂಪವಾಯಿತು, ಆಗಲಿ ಎಂದುಕೊಂಡೆ.

ರಂಪ ಮುಗಿದ ಮೇಲೆ ಅತ್ತೆಗೆ ಒಂದು ಪಂಥ ಹಾಕಿದೆ. "ಅತ್ತೆ, ಬೆಂಗ್ಳೂರಿನ ದೊಡ್ಡಾಸ್ಪತ್ರೆಯಾಗೆ ಒಂದ್ಸಲ ತೋರಿಸಾನ. ಕಾಯ್ಲೆ ಅಲ್ಲ ಅಂತ ಅವ್ರಂದ್ರೆ ನಾನೇ ಮುಂದ್ ನಿಂತು ಆರತಿ ಎತ್ತಿ ಅಕ್ಕನ್ನ ಗುಡಿಗೆ ಕಳಿಸ್ತೀನಿ." ಅತ್ತೆ ಒಪ್ಪಿದರು, ಆದರೆ ತಾವೂ ಬರುತ್ತೇನೆ ಎಂದರು. ನಾನು ಡಾಕ್ಟರಿಗೆ ಏನಾದರೂ ಹೇಳಿಕೊಟ್ಟುಬಿಡುತ್ತೇನೆ ಎಂಬ ಅನುಮಾನ ಅವರಿಗೆ. ಮಗುವನ್ನು ಭಾವನ ಹತ್ತಿರ ಬಿಟ್ಟು, ತಳಿಯಿಂದ ಹೊಸೂರು, ಹೊಸೂರಿನಿಂದ ಬೆಂಗಳೂರು ಬಸ್ಸು ಹಿಡಿದೆವು. ಅಕ್ಕ ಎರಡು ಬಸ್ಸಿನಲ್ಲೂ ನಿದ್ದೆ ಹೋದಳು.

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ತೆಳ್ಳಗಿನ ಒಬ್ಬ ಡಾಕ್ಟರಮ್ಮ, ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಮೆತ್ತಗೆ ಕೇಳಿದರು. ಹಗಲು ತಡೆಯಲಾರದ ನಿದ್ದೆ ಬರುತ್ತದಾ? ನಿದ್ದೆ ಹತ್ತುವ ಹೊತ್ತಿಗೆ ಕೋಣೆಯಲ್ಲಿ ಯಾರೋ ಇದ್ದ ಹಾಗೆ ಕಾಣುತ್ತದಾ? ಬೆಳಿಗ್ಗೆ ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಕೈಕಾಲು ಆಡದೆ ಹೋಗುತ್ತದಾ? ಒಂದೊಂದಕ್ಕೂ ಹೂಂ ಎನ್ನುತ್ತಾ ಅಕ್ಕ ಅತ್ತುಬಿಟ್ಟಳು. ಇವತ್ತಿನ ಹೂಂ ಅವಳದೇ ಆಗಿತ್ತು. "ಯಾರಿಗೂ ಹೇಳಿರ್ಲಿಲ್ಲ ತಾಯಿ. ನನ್ನೊಳಗೆ ಬಂದು ನೋಡ್ಕಂಡ್ ಹೋದಂಗೆ ಕೇಳ್ತಿದೀರಲ್ಲ!" ಎಂದಳು.

"ಬಿದ್ದಾಗ ಒಂದು ಸಲ ನೋಡಬೇಕಿತ್ತಲ್ಲ," ಎಂದರು ಡಾಕ್ಟರಮ್ಮ. "ನಗಿಸೋಕೆ ಆಗುತ್ತಾ?"

ನನ್ನ ಜೀವಮಾನದಲ್ಲಿ ಅಂಥ ಗೌರವದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತೆ. ರಾಮಯ್ಯನವರ ಚಪ್ಪಲಿ ನಡಿಗೆ ನಡೆದೆ. ಹೊಸೂರು ಸಂತೆಯಲ್ಲಿ ಒಂದೇ ಉಸಿರಿಗೆ ಕನ್ನಡ, ತೆಲುಗು, ತಮಿಳಿನಲ್ಲಿ ಜಗಳವಾಡುವ ಬದನೆಕಾಯಿ ಮುದುಕಿಯನ್ನು ಮಾಡಿ ತೋರಿಸಿದೆ. ನನ್ನ ಗಂಡ ಗೊರಕೆ ಹೊಡೆದು ತನ್ನ ಗೊರಕೆಗೆ ತಾನೇ ಬೆಚ್ಚಿ ಎದ್ದು "ಯಾರ್ಲಾ ಅದು?" ಎನ್ನುವುದನ್ನೂ ಬಿಡಲಿಲ್ಲ. ನರ್ಸಮ್ಮ ಗೋಡೆಗೆ ಒರಗಿ ನಕ್ಕರು, ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಬಾಗಿಲಲ್ಲಿ ಬೇರೆ ರೋಗಿಗಳು ಜಮಾಯಿಸಿದರು. ಅಕ್ಕ ಕಲ್ಲಿನ ಹಾಗೆ ಕುಳಿತಿದ್ದಳು. ಇಷ್ಟು ವರ್ಷ ನಗುವನ್ನು ತಡೆದು ತಡೆದು, ಬೇಕಾದಾಗ ಅದು ಬಾರದಾಗಿತ್ತು. ನನಗೆ ಅಳು ಬರುವಂತಾಯಿತು. ಈ ಹೆಂಗಸು ಈಗ ನಗದಿದ್ದರೆ ಗುಡಿಯ ಕೋಣೆಯೇ ಗತಿ.

ಡಾಕ್ಟರಮ್ಮ ಹೋಗಲಿ ಬಿಡಿ ಎಂದು ರಬ್ಬರಿನ ತಲೆಯ ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡರು. ಅಕ್ಕ ಅದನ್ನು ಕಂಡು ಬೆದರಿದಳು. "ನೋವಾಗಲ್ಲಮ್ಮ, ಮೊದಲು ನಿಮ್ಮತ್ತೆಗೆ ಮಾಡಿ ತೋರಿಸ್ತೀನಿ," ಎಂದು ಅತ್ತೆಯನ್ನು ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರಿಸಿದರು. ಅತ್ತೆ ಪಂಚಾಯಿತಿಗೆ ಕುಳಿತಷ್ಟೇ ಗಂಭೀರವಾಗಿ ಕುಳಿತರು. ಡಾಕ್ಟರಮ್ಮ ಮಂಡಿಯ ಕೆಳಗೆ ಟೊಕ್ಕೆಂದು ಹೊಡೆದರು. ಅತ್ತೆಯ ಕಾಲು ಚಂಗನೆ ಎದ್ದು ಡಾಕ್ಟರಮ್ಮನ ಬಿಳಿ ಕೋಟಿಗೆ ಒದೆಯಿತು.

ಅತ್ತೆ ಬೆವತುಹೋದರು. "ಅಯ್ಯೋ ನಾರಾಯಣ! ನಾನ್ ಒದೀಲಿಲ್ಲ ತಾಯಿ! ನಾನ್ ಸುಮ್ಕೆ ಕುಂತಿದ್ದೆ, ಇದೇ ಒದ್ದಿದ್ದು!" ಎಂದು ಬಗ್ಗಿ ಡಾಕ್ಟರಮ್ಮನ ಕೋಟು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಗೊತ್ತು ಬಿಡಿ ಅಮ್ಮ, ಅದು ತಾನಾಗೇ ಏಳುತ್ತೆ," ಎಂದು ಅವರು ಇನ್ನೊಮ್ಮೆ ಟೊಕ್ಕೆನ್ನಿಸಿದರು. ಕಾಲು ಮತ್ತೆ ಎದ್ದಿತು. ಅತ್ತೆ ತಮ್ಮ ಮಂಡಿಗೆ ಫಟಾರನೆ ಒಂದು ಏಟು ಹಾಕಿದರು.

"ಸುಮ್ಕಿರು ಮುಂಡೇದೆ! ಯಾರಿಗ್ ಒದೀತಾ ಇದೀಯ ಗೊತ್ತಾ?"

ಪಕ್ಕದಲ್ಲಿ ಒಂದು ಸದ್ದಾಯಿತು. ಹಾಲು ಉಕ್ಕುವ ಮೊದಲು ಬರುತ್ತದಲ್ಲ, ಅಂಥ ಸಣ್ಣ ಸದ್ದು. ಅಕ್ಕನ ತುಟಿ ಸೊಟ್ಟಗಾಗಿತ್ತು. ಭುಜ ಕುಲುಕಿತು, ದವಡೆ ಜೋತಿತು, ಗೋಡೆಗೆ ಒರಗಿದವಳು ಹಾಗೇ ಜಾರಿ ನೆಲದ ಮೇಲೆ ಕುಳಿತಳು. ಅತ್ತೆಯ ಕೈ ತಾನಾಗೇ ಮುಗಿದುಕೊಂಡಿತು. "ಅಮ್ಮಾ ತಾಯೇ..."

"ಯಾರೂ ಮುಟ್ಟಬೇಡಿ," ಎಂದ ಡಾಕ್ಟರಮ್ಮ ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ರೆಪ್ಪೆ ಎತ್ತಿ ನೋಡಿದರು. ಕಣ್ಣು ಅವರ ಬೆರಳಿನ ಜೊತೆ ತಿರುಗಿತು. ಮಂಡಿಗೆ ಸುತ್ತಿಗೆಯಿಂದ ಹೊಡೆದರು. ಕಾಲು ಅಲ್ಲಾಡಲಿಲ್ಲ. ಇನ್ನೊಂದು ಮಂಡಿಗೂ ಹೊಡೆದರು, ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಉಸಿರೆಳೆದುಕೊಂಡು ಕತ್ತು ಎತ್ತಿದಳು. ಆಗ ಹೊಡೆದರೆ ಕಾಲು ಅತ್ತೆಯ ಕಾಲಿನ ಹಾಗೆಯೇ ಚಂಗೆಂದಿತು.

"ನೋಡಿದ್ರಾ? ಇದು ನಿದ್ದೆಯ ಕಾಯಿಲೆ," ಎಂದರು ಡಾಕ್ಟರಮ್ಮ. ಆಮೇಲೆ ಅವರು ಹೇಳಿದ್ದನ್ನು ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ನಿದ್ದೆ ಎಂದರೆ ದೀಪ ಆರಿಸಿದ ಹಾಗೆ ಎಂದುಕೊಂಡಿದ್ದೆ, ಹಾಗಲ್ಲವಂತೆ. ಮೊದಲು ಗಾಢವಾದ ನಿದ್ದೆ ಬರುತ್ತದೆ. ಆಗ ಉಸಿರು, ಎದೆಬಡಿತ ನಿಧಾನವಾಗುತ್ತದೆ, ಮೈ ತುಸು ತಣ್ಣಗಾಗುತ್ತದೆ, ಸವೆದದ್ದನ್ನು ದೇಹ ರಿಪೇರಿ ಮಾಡಿಕೊಳ್ಳುತ್ತದೆ. ಆಮೇಲೆ ಕನಸಿನ ನಿದ್ದೆ. ಆಗ ಮಿದುಳು ಹಗಲಿನಷ್ಟೇ ಗಡಿಬಿಡಿಯಲ್ಲಿರುತ್ತದೆ, ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಓಡಾಡುತ್ತದೆ. ಕನಸಿನಲ್ಲಿ ಓಡಿದವರು ನಿಜಕ್ಕೂ ಎದ್ದು ಓಡಬಾರದಲ್ಲ, ಅದಕ್ಕೇ ಮಿದುಳು ಕೈಕಾಲಿನ ಬಿಗಿಯನ್ನೆಲ್ಲ ಸಡಿಲಿಸಿಬಿಡುತ್ತದೆ. ಉಸಿರನ್ನೂ ಕಣ್ಣನ್ನೂ ಮಾತ್ರ ಬಿಡುತ್ತದೆ. ಇದೆಲ್ಲ ಪ್ರತಿ ರಾತ್ರಿ ನಾಲ್ಕೈದು ಸರದಿ, ನಮಗೆಲ್ಲರಿಗೂ.

"ಇವರಿಗೆ ಆ ಸಡಿಲ ಹಗಲು ಎಚ್ಚರದಲ್ಲೇ ಬಂದುಬಿಡುತ್ತೆ, ನಗು ಬಂದಾಗ. ಯಾಕೆ ಅಂತ ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ. ಪ್ರಾಣಕ್ಕೆ ಭಯ ಇಲ್ಲ, ಹುಚ್ಚಲ್ಲ, ಮೂರ್ಛೆನೂ ಅಲ್ಲ. ಪೂರ್ತಿ ಹೋಗಲ್ಲ, ಮಾತ್ರೆ ತಗೊಂಡ್ರೆ ಕಮ್ಮಿಯಾಗುತ್ತೆ. ಮಧ್ಯಾಹ್ನ ಒಂದು ಗಳಿಗೆ ಮಲಗಲಿ, ಯಾರೂ ಬೈಬೇಡಿ. ನಗಬೇಕು ಅನ್ನಿಸಿದ್ರೆ ಕೂತ್ಕೊಂಡು ನಗಲಿ."

ಅತ್ತೆ ಇನ್ನೂ ತಮ್ಮ ಮಂಡಿಯನ್ನೇ ನೋಡುತ್ತಿದ್ದರು. ಒದ್ದದ್ದು ಅವರ ಕಾಲು, ಒದೆ ಎಂದು ಅವರು ಹೇಳಿರಲಿಲ್ಲ, ಯಾವ ದೇವರೂ ಅದರ ಮೇಲೆ ಬಂದಿರಲಿಲ್ಲ. ಡಾಕ್ಟರಮ್ಮ ಎಷ್ಟು ಹೇಳಿದ್ದರೂ ನಂಬದ ಮುದುಕಿ ತನ್ನ ಕಾಲನ್ನು ನಂಬಲೇಬೇಕಾಯಿತು.

"ಹಂಗಾದ್ರೆ ಜ್ವರ," ಎಂದರು ಕೊನೆಗೆ.

"ಜ್ವರ ಇಲ್ಲಮ್ಮ," ಎಂದರು ಡಾಕ್ಟರಮ್ಮ.

ನಾನು ಬಿಡಿಸಿ ಹೇಳಿದೆ. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕುಳಿತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಸತ್ತದ್ದಲ್ಲ, ರೋಗವಲ್ಲ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ತಾನಾಗೇ ಎಚ್ಚರಾಗುವ ತನಕ ಕಾಯಬೇಕು. ಎಷ್ಟೋ ವರ್ಷ ಹುಳು ಸಾಕಿದ ಅತ್ತೆಗೆ ಇದಕ್ಕಿಂತ ಚೆನ್ನಾಗಿ ಗೊತ್ತಿದ್ದ ಸಂಗತಿ ಲೋಕದಲ್ಲಿ ಬೇರೊಂದಿರಲಿಲ್ಲ.

ವಾಪಸು ಬಸ್ಸಿನಲ್ಲಿ ಅತ್ತೆ ಅಕ್ಕನ ಕೈ ಎಳೆದು ಅಂಗೈ ಬಿಡಿಸಿದರು. ಕರ್ಪೂರದ ಗಾಯ ಮಾಯುತ್ತಿತ್ತು. "ಇದೂ ಗೊತ್ತಾಗ್ತಿತ್ತಾ ನಿಂಗೆ?"

"ಗೊತ್ತಾಗ್ತಿತ್ತು ಅತ್ತೆ."

"ಬಿಡಿಸ್ಕಳಾಕ್ ಆಗ್ಲಿಲ್ಲ."

"ಇಲ್ಲ."

"ನಾನೇ ಹಿಡ್ಕಂಡಿದ್ನಲ್ಲವ್ವ," ಎಂದು ಅತ್ತೆ ಆ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. ಬಸ್ಸು ಹೊಸೂರು ತಲುಪುವ ತನಕ ಬಿಡಲಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಜಗುಲಿಯಲ್ಲಿ ರಾಮಯ್ಯನವರು ಕಾದಿದ್ದರು. ಅತ್ತೆ ನಿಂತಲ್ಲೇ ಹೇಳಿಬಿಟ್ಟರು. "ನಮ್ಮ ಆದಿ ಗುಡಿಗೆ ಬರಾಕಿಲ್ಲ ಕಣಪ್ಪ. ಅವ್ಳಿಗೆ ಬರೋದು ನಿದ್ದೆ." ರಾಮಯ್ಯನವರು ಬಹಳ ಹೊತ್ತು ಮೀಸೆ ತಿರುವಿದರು. "ನಮ್ಮ ಬಾವಿಗೆ ಹೂಂ ಅಂದಿದ್ದು?" ಎಂದರು ಮೆಲ್ಲಗೆ.

"ನೀರು ಐತಾ?"

"ಐತೆ."

"ಕುಡ್ಕಂಡ್ ಸುಮ್ಕಿರು."

ಇದಾಗಿ ಈಗ ಒಂಬತ್ತು ವರ್ಷ. ಅಕ್ಕ ಈಗಲೂ ಮಾತ್ರೆ ನುಂಗುತ್ತಾಳೆ, ಮಧ್ಯಾಹ್ನ ಹುಳದ ಮನೆಯ ಮೂಲೆಯಲ್ಲಿ ಮಲಗುತ್ತಾಳೆ. ಅಪರೂಪಕ್ಕೊಮ್ಮೆ ಬೀಳುತ್ತಾಳೆ. ಯಾರಾದರೂ ಹೊಸಬರು ಗಾಬರಿಯಾದರೆ ಅಲಮೇಲು "ಏನಿಲ್ಲ, ಅಮ್ಮ ಜ್ವರಕ್ಕೆ ಕೂತವ್ಳೆ, ಎದ್ದೇಳ್ತಾಳೆ," ಎನ್ನುತ್ತಾಳೆ. ನನ್ನ ಬಾಯಿಯ ಬೀಗವೂ ಅಂದೇ ಕಳಚಿತು. ಆದರೆ ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿರುವುದು ಬೆಂಗಳೂರಿನಿಂದ ಬಂದ ಆ ಸಾಯಂಕಾಲ.

ಅತ್ತೆ ಕಾಲು ತೊಳೆದು ಬಂದವರೇ ಗೋಡೆಗೆ ಒತ್ತಿ ಚಾಪೆ ಹಾಸಿದರು. ಅಕ್ಕನನ್ನು ಒರಗಿಸಿ ಕೂರಿಸಿ, ಭಾವನ ಕೈಯಿಂದ ಮಗುವನ್ನು ತೆಗೆದುಕೊಂಡು ಅವಳ ಮಡಿಲಲ್ಲಿ ಇಟ್ಟರು. ಅಕ್ಕನ ಕೈಗಳು ಅಭ್ಯಾಸದಂತೆ ಬೆನ್ನ ಹಿಂದೆ ಹೋದವು. "ನೆಲದ ಮ್ಯಾಲೆ ಕುಂತಿದೀಯ, ಎಲ್ಲಿಗ್ ಬಿದ್ದೋಯ್ತದೆ? ಹಿಡ್ಕೊ," ಎಂದು ಅತ್ತೆ ಗದರಿದರು. ಅಕ್ಕ ಒಂದೊಂದೇ ಕೈ ಮುಂದೆ ತಂದು ಹಿಡಿದುಕೊಂಡಳು. "ನಗು ಈಗ," ಎಂದರು. ಹೇಳಿದರೆ ನಗು ಬರುತ್ತದೆಯೇ? ಅತ್ತೆ ಸೌಟು ತಂದರು, ಎದುರಿಗೆ ಒರಳಿನ ಮೇಲೆ ಕುಳಿತು ಭಾವನಿಗೆ ಆಸ್ಪತ್ರೆಯ ಕಥೆ ಹೇಳುತ್ತಾ ತಮ್ಮ ಮಂಡಿಗೆ ಹೊಡೆದುಕೊಂಡರು. ಕಾಲು ಏಳಲಿಲ್ಲ. ಮತ್ತೆ ಹೊಡೆದರು, ಇಲ್ಲ. ಅವರಿಗೆ ನಿಜವಾಗಿ ಸಿಟ್ಟು ಬಂತು.

"ಅಲ್ಲಿ ಡಾಕ್ಟ್ರಮ್ಮಂಗೆ ಹಂಗ್ ಒದ್ದೆ, ಮನೆಯೋರ್ ಮುಂದೆ ಏನ್ ಬಂತು ನಿಂಗೆ ರೋಗ?"

ಅಕ್ಕ ನಕ್ಕಳು. ಅದು ಬಾಯಿ ತುಂಬ ಬಂದ ನಗು, ಕಚ್ಚಿಕೊಳ್ಳಲಿಲ್ಲ, ಅಪ್ಪನನ್ನು ನೆನೆಯಲಿಲ್ಲ. ಕತ್ತು ಜೋತಿತು, ತೋಳು ಸಡಿಲಿತು, ಮಗು ಮಡಿಲಲ್ಲೇ ಸ್ವಲ್ಪ ಜರುಗಿತು, ಅಷ್ಟೇ. ಬೇವಿನ ಸೊಪ್ಪು ತರಲು ಯಾರೂ ಏಳಲಿಲ್ಲ, ಯಾರೂ ಏನೂ ಕೇಳಲಿಲ್ಲ. ಅಲಮೇಲು ತಾಯಿಯ ಜೋತ ಮುಖವನ್ನು ಕೆಳಗಿನಿಂದ ಇಣುಕಿ ನೋಡಿ, ಎದೆಗೆ ಕೆನ್ನೆ ಇಟ್ಟು ಸುಮ್ಮನೆ ಮಲಗಿತು. ನಾವೆಲ್ಲ ಕಾದೆವು.

ಮೊದಲು ಬೆರಳು ಅಲ್ಲಾಡಿತು. ಆಮೇಲೆ ಸುಟ್ಟ ಗುರುತಿನ ಆ ಅಂಗೈ ಎದ್ದು ಮಗುವಿನ ಬೆನ್ನ ಮೇಲೆ ಕುಳಿತಿತು, ಇನ್ನೊಂದು ಕೈಯೂ ಬಂದು ಸೇರಿತು. ಅಕ್ಕ ಮಗುವನ್ನು ಬಿಗಿಯಾಗಿ ಅವಚಿಕೊಂಡು ಕತ್ತು ಎತ್ತಿದಳು. ಮುಖವೆಲ್ಲ ಒದ್ದೆಯಾಗಿತ್ತು.

"ಅತ್ತೆ," ಎಂದಳು, "ಇನ್ನೊಂದ್ಸಲ ಹೊಡ್ಕಳಿ."